ಎರಡನೇ ಕುರ್ಚಿಯಲ್ಲಿ ಹನ್ನೊಂದು ವರ್ಷ

ನಾನು ಕೆಲಸ ಮಾಡಿದ ಯಾವ ಕಾಲೇಜಿನ ಸಿಬ್ಬಂದಿ ಪಟ್ಟಿಯಲ್ಲೂ ‘ಸಹಾಯಕ ಬ್ಯಾಸ್ಕೆಟ್‌ಬಾಲ್ ಕೋಚ್’ ಎಂಬ ಹುದ್ದೆ ಇರಲಿಲ್ಲ. ಆದರೂ 2008ರಿಂದ 2019ರವರೆಗೆ ನಾನು ಮಾಡಿದ್ದು ಅದೇ ಕೆಲಸ. ಕೋಲಾರದಲ್ಲಿ ಮೂರು ವರ್ಷ, ಮಾಲೂರಿನಲ್ಲಿ ಎರಡು, ಮುಳಬಾಗಿಲಿನಲ್ಲಿ ನಾಲ್ಕು, ಶ್ರೀನಿವಾಸಪುರದಲ್ಲಿ ಎರಡು. ಒಂದು ಕಡೆ ಅತಿಥಿ ಉಪನ್ಯಾಸಕ ಅಂತ ಸಹಿ ಹಾಕಿದೆ. ಇನ್ನೊಂದು ಕಡೆ ಮೈದಾನ ನಿರ್ವಹಣೆಯ ಲೆಕ್ಕದಲ್ಲಿ ದುಡ್ಡು ಕೊಟ್ಟರು. ಮತ್ತೊಂದು ಕಡೆ ಯಾವ ಲೆಕ್ಕದಲ್ಲೂ ಕೊಡಲಿಲ್ಲ. ಈಗ ಕೋಲಾರದಲ್ಲಿ ಒಂದು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ.

ಮೊನ್ನೆ ನಮ್ಮ ಅಂತಿಮ ಬಿ.ಕಾಂ. ಹುಡುಗನೊಬ್ಬ ಬಂದು, ‘ಸಾರ್, ಕೋಚ್ ಆಗ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?’ ಅಂದ. ಬಾಯಲ್ಲಿ ಹೇಳಿದರೆ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

1. ಬೀಗದ ಕೈ ಇಸಕೊಳ್ಳಿ

ಮೊದಲ ದಿನವೇ ತಂತ್ರ, ಆಟದ ಯೋಜನೆ ಅಂತ ಹೋಗಬೇಡಿ. ಸ್ಪೋರ್ಟ್ಸ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಅದು ಅಟೆಂಡರ್ ಹತ್ತಿರ ಇದ್ದರೆ, ಅವರು ಬರುವುದು ಒಂಬತ್ತೂವರೆಗೆ. ನಿಮ್ಮ ಪ್ರಾಕ್ಟೀಸು ಬೆಳಿಗ್ಗೆ ಆರಕ್ಕೆ. ನನ್ನ ಮೊದಲ ಒಂದು ತಿಂಗಳು ಚೆಂಡಿಲ್ಲದ ಓಟದಲ್ಲೇ ಕಳೆಯಿತು. ಹುಡುಗರಿಗೆ ನಾನು ಓಟದ ಕೋಚೋ ಬ್ಯಾಸ್ಕೆಟ್‌ಬಾಲ್ ಕೋಚೋ ಅಂತ ಅನುಮಾನ ಬಂದಿತ್ತು. ಬೀಗದ ಕೈ ಕೈಗೆ ಬಂದ ದಿನವೇ ನನಗೆ ಕೆಲಸ ಸಿಕ್ಕಿದ್ದು ಅಂತ ಈಗಲೂ ಅನ್ನಿಸುತ್ತದೆ. ಪಂಪು ಮತ್ತು ನಾಲ್ಕು ಸೂಜಿ ಮಾತ್ರ ನಿಮ್ಮ ಸ್ವಂತ ಬ್ಯಾಗಿನಲ್ಲಿರಲಿ. ಸೂಜಿ ಮುರಿಯುವುದು ಯಾವಾಗಲೂ ಪಂದ್ಯದ ದಿನವೇ.

2. ಟೇಪು ಹಿಡಿದು ಅಳೆಯಿರಿ

ಇದು ನನ್ನ ತಪ್ಪಿನಿಂದ ಕಲಿತದ್ದು. ಒಂದು ಕಾಲೇಜಿಗೆ ಹೋದಾಗ ಅಂಕಣಕ್ಕೆ ಆಗಷ್ಟೇ ಹೊಸ ಕಾಂಕ್ರೀಟ್ ಹಾಕಿದ್ದರು. ಚೊಕ್ಕವಾಗಿತ್ತು, ಚೆಂಡು ಚೆನ್ನಾಗಿ ಪುಟಿಯುತ್ತಿತ್ತು, ಎಲ್ಲರಿಗೂ ಖುಷಿ. ನಮ್ಮ ಹುಡುಗರು ಅಲ್ಲಿ ಫ್ರೀ ಥ್ರೋ ಹೊಡೆದರೆ ಹತ್ತಕ್ಕೆ ಏಳು ಒಳಗೆ ಬೀಳುತ್ತಿದ್ದವು. ಬೆಂಗಳೂರಿಗೆ ಅಂತರ್ ಕಾಲೇಜು ಪಂದ್ಯಕ್ಕೆ ಹೋದೆವು. ಒಂದರ ಹಿಂದೆ ಒಂದು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬಂದವು. ಹುಡುಗರು ಹೆದರಿದ್ದಾರೆ, ದೊಡ್ಡ ಊರು, ಜನ ಜಾಸ್ತಿ ಅಂತ ನಾನೂ ಅಂದುಕೊಂಡೆ. ವಾಪಸಾಗುವಾಗ ಬಸ್ಸಿನಲ್ಲಿ ಧೈರ್ಯದ ಮೇಲೆ ಒಂದು ಭಾಷಣವನ್ನೂ ಬಿಗಿದೆ.

ವಾರದ ಮೇಲೆ, ಯಾಕೋ ಅನುಮಾನ ಬಂದು, ಹಾರ್ಡ್‌ವೇರ್ ಅಂಗಡಿಯಿಂದ ಟೇಪು ತಂದು ನೆಲದಿಂದ ರಿಂಗಿಗೆ ಅಳೆದೆ. 2.95 ಮೀಟರ್. ಇರಬೇಕಾದದ್ದು 3.05. ಕಂಬ ಹಳೆಯದು, ನೆಲದಲ್ಲಿ ಹೂತದ್ದು. ಕಾಂಕ್ರೀಟ್ ಹಾಕಿದವರು ನೆಲವನ್ನು ನಾಲ್ಕು ಇಂಚು ಎತ್ತರಿಸಿದ್ದರು, ರಿಂಗ್ ಎಲ್ಲಿತ್ತೋ ಅಲ್ಲೇ ಉಳಿದಿತ್ತು. ಇಡೀ ವರ್ಷ ನಾನು ಹುಡುಗರಿಗೆ ನಾಲ್ಕು ಇಂಚು ಕಡಿಮೆ ಎಸೆಯುವುದನ್ನು ಶ್ರದ್ಧೆಯಿಂದ ಕಲಿಸಿದ್ದೆ. ಹೆದರಿಕೆಯಂತೆ, ಧೈರ್ಯವಂತೆ!

ಅಳೆಯುವಾಗ ಗೆರೆಗಳನ್ನೂ ಅಳೆಯಿರಿ. ಮೂರಂಕದ ಗೆರೆ 2010ರವರೆಗೆ 6.25 ಮೀಟರ್ ದೂರದಲ್ಲಿತ್ತು. ಆ ವರ್ಷ 6.75 ಆಯಿತು, ರಿಂಗಿನ ಕೆಳಗೆ ಅಗಲವಾಗಿ ಚಾಚಿಕೊಂಡಿದ್ದ ಹಳೆಯ ಕೀ ಹೋಗಿ ಆಯತಾಕಾರದ್ದು ಬಂತು. ತಾಲ್ಲೂಕಿನ ಅಂಕಣಗಳಿಗೆ ಈ ಸುದ್ದಿ ನಿಧಾನವಾಗಿ ಬಂತು. ಮುಳಬಾಗಿಲಿನಲ್ಲಿ 2013ರಲ್ಲೂ ನಾನು ಹಳೆಯ ಗೆರೆಯನ್ನು ಕೆರೆದು ಹೊಸದು ಎಳೆದಿದ್ದೇನೆ. ಒಂದು ಡಬ್ಬ ಬಿಳಿ ಪೇಂಟು, ಕಮಾನು ಎಳೆಯಲು ಮೊಳೆಗೆ ಕಟ್ಟಿದ ದಾರ, ಒಂದು ಭಾನುವಾರ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

3. ಹತ್ತನೆಯ ಆಟಗಾರ ನೀವೇ

ಅಮೆರಿಕದ ದೊಡ್ಡ ಕಾಲೇಜು ತಂಡಗಳಿಗೆ 2023ರಿಂದ ಐವರು ಸಹಾಯಕ ಕೋಚ್‌ಗಳನ್ನು ಇಟ್ಟುಕೊಳ್ಳಲು ಅಲ್ಲಿನ ಎನ್‌ಸಿಎಎ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಬೆಳಿಗ್ಗೆ ಐವರು ಆಟಗಾರರು ಬಂದರೆ ಹಬ್ಬ.

ಯಾಕೆ ಬರುವುದಿಲ್ಲ ಅನ್ನುವುದನ್ನು ತಿಳಿದುಕೊಳ್ಳುವುದು ಸಹಾಯಕನ ಕೆಲಸ. ದೊಡ್ಡ ಕೋಚ್ ಹಾಜರಿ ಕರೆದು ಬೈಯುತ್ತಾರೆ, ಅದು ಅವರ ಕೆಲಸ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ಅರ್ಧ ತಂಡ ತೋಟದಲ್ಲೋ ಮಂಡಿಯಲ್ಲೋ ಇರುತ್ತದೆ. ಕೋಲಾರದ ಸುತ್ತಮುತ್ತ ಟೊಮೆಟೊಗೆ ಒಳ್ಳೆ ರೇಟು ಬಂದ ವಾರ ಹುಡುಗರು ರಾತ್ರಿಯೆಲ್ಲ ಎಪಿಎಂಸಿಯಲ್ಲಿ ಕ್ರೇಟು ಇಳಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಾರೆ. ಅವತ್ತು ಅವರನ್ನು ಓಡಿಸಿದರೆ ಹಿಮ್ಮಡಿ ಉಳುಕುತ್ತದೆ, ಶೂಟಿಂಗ್ ಮಾತ್ರ ಮಾಡಿಸಿ. ಮಾಲೂರಿನಲ್ಲಿ ಇಟ್ಟಿಗೆ ಗೂಡಿನವರ ಮಕ್ಕಳೂ ಇದ್ದರು, ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬರುವವರೂ ಇದ್ದರು. ಇನ್ನು ಎಲ್ಲ ಊರಿಗೂ ಸಲ್ಲುವ ಕಾರಣ ಒಂದೇ: ‘ಡೇರಿಗೆ ಹಾಲು ಹಾಕಿ ಬರ್ತೀನಿ ಸಾರ್.’ ಇದಕ್ಕೆ ಎದುರು ಹೇಳಬೇಡಿ. ಆ ಹಾಲಿನ ದುಡ್ಡಲ್ಲೇ ಅವನ ಶೂ ಬಂದಿರುವುದು. ನಾನು ಮುಳಬಾಗಿಲಿನಲ್ಲಿ ಪ್ರಾಕ್ಟೀಸನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿದೆ, ಮೂವರು ಹೆಚ್ಚಿಗೆ ಬಂದರು.

ಹೀಗಿದ್ದೂ ಎಂಟೋ ಒಂಬತ್ತೋ ಆಗುತ್ತದೆ. ಐದಕ್ಕೆ ಐದು ಆಡಿಸಬೇಕಾದರೆ ಹತ್ತನೆಯವರಾಗಿ ನೀವೇ ಇಳಿಯಬೇಕು. ಇಳಿಯಿರಿ, ಆದರೆ ಗೆಲ್ಲಲು ಆಡಬೇಡಿ. ಮುಂದಿನ ಪಂದ್ಯದ ಎದುರಾಳಿ ಎಡಗೈಯವನಾದರೆ ನೀವು ಎಡಗೈಯವರಾಗಿ. ಅವನು ಮೊಣಕೈ ತಿವಿಯುವವನಾದರೆ ನೀವೂ ಸ್ವಲ್ಪ ತಿವಿಯಿರಿ. ಎರಡೂ ಮಂಡಿ ಹೋದಮೇಲೆ ಇದನ್ನು ಬರೆಯುತ್ತಿದ್ದೇನೆ. ಸಿಮೆಂಟ್ ನೆಲದ ಮೇಲೆ ನೆಗೆದು ನೆಗೆದು ಹೋದದ್ದು. ಶೂಗೆ ಮಾತ್ರ ಕಂಜೂಸು ಮಾಡಬೇಡಿ.

4. ಇಬ್ಬರಲ್ಲಿ ಒಬ್ಬರೇ ನಿಲ್ಲಬೇಕು

ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ: ಪಂದ್ಯ ನಡೆಯುವಾಗ ಮುಖ್ಯ ಕೋಚ್ ನಿಂತಿರಬಹುದು, ಇಲ್ಲವೇ ಮೊದಲ ಸಹಾಯಕ ಕೋಚ್ ನಿಂತಿರಬಹುದು. ಇಬ್ಬರೂ ಒಟ್ಟಿಗೆ ನಿಲ್ಲುವಂತಿಲ್ಲ. 2014ರಲ್ಲಿ ಒಂದು ಸೆಮಿಫೈನಲ್‌ನಲ್ಲಿ ನಾನೂ ನಮ್ಮ ಹಿರಿಯರೂ ಒಟ್ಟಿಗೆ ಎದ್ದು ಕೂಗುತ್ತಿದ್ದೆವು. ರೆಫ್ರಿ ಓಡಿ ಬಂದು, ‘ಇಬ್ಬರಲ್ಲಿ ಒಬ್ಬರು ಕೂತ್ಕೊಳ್ಳಿ ಸಾರ್’ ಅಂದರು. ಕೂತವನು ನಾನು.

ಕೂತಾಗ ಗೊತ್ತಾಯಿತು, ಕೂತವನಿಗೆ ಆಟ ಬೇರೆಯಾಗಿ ಕಾಣುತ್ತದೆ. ನಿಂತವರ ಕಣ್ಣು ಚೆಂಡಿನ ಹಿಂದೆ ಓಡುತ್ತದೆ. ಕೂತವನಿಗೆ ಚೆಂಡಿಲ್ಲದ ಕಡೆ ನಡೆಯುವುದು ಕಾಣುತ್ತದೆ: ಯಾರು ಡಿಫೆನ್ಸ್‌ಗೆ ನಡೆದುಕೊಂಡು ವಾಪಸ್ ಬರುತ್ತಿದ್ದಾನೆ, ಯಾರಿಗೆ ಮೂರನೇ ಫೌಲ್ ಆಯಿತು, ಎದುರಾಳಿಗೆ ಈ ಕ್ವಾರ್ಟರಿನಲ್ಲಿ ಎಷ್ಟು ತಂಡ ಫೌಲ್ ಆಗಿದೆ. ನಾಲ್ಕಾಗಿದ್ದರೆ ಅದರ ಮುಂದಿನದಕ್ಕೆ ನಮಗೆ ಎರಡು ಫ್ರೀ ಥ್ರೋ, ಒಳಗೆ ನುಗ್ಗಿ ಅಂತ ಹೇಳಬೇಕಾದವರು ನೀವು. ಟೈಮ್‌ಔಟ್ ಮೊದಲರ್ಧಕ್ಕೆ ಎರಡು, ದ್ವಿತೀಯಾರ್ಧಕ್ಕೆ ಮೂರು, ಒಂದೊಂದೂ ಒಂದೇ ನಿಮಿಷ. ಆ ನಿಮಿಷದಲ್ಲಿ ಸಹಾಯಕನ ಪಾಲು ಹುಡುಗರು ನೀರು ಕುಡಿಯುವ ಹತ್ತು ಸೆಕೆಂಡು. ಅಷ್ಟರಲ್ಲಿ ಹಿರಿಯರ ಕಿವಿಗೆ ಒಂದು ಮಾತು ಹಾಕಿ. ಎರಡು ಹಾಕಿದರೆ ಎರಡೂ ಹೋಗುತ್ತವೆ.

ಭಿನ್ನಾಭಿಪ್ರಾಯ ಬರುತ್ತದೆ. ಅದನ್ನು ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು ಹೇಳಿ. ಹುಡುಗರ ಮುಂದೆ ಒಮ್ಮೆ ನಾನು, ‘ಝೋನ್ ಬೇಡ ಸಾರ್’ ಅಂದುಬಿಟ್ಟೆ. ಹಿರಿಯರು ಏನೂ ಅನ್ನಲಿಲ್ಲ. ಆಮೇಲೆ ಎರಡು ತಿಂಗಳು ಹುಡುಗರು ಪ್ರತಿಯೊಂದಕ್ಕೂ ನನ್ನ ಮುಖ ನೋಡತೊಡಗಿದರು. ತಂಡ ಹಾಳಾಗಲು ಅಷ್ಟು ಸಾಕು.

5. ಹುಡುಗ ಯಾವ ಭಾಷೆಯಲ್ಲಿ ಬೆವರುತ್ತಾನೋ ಆ ಭಾಷೆಯಲ್ಲಿ ಕೂಗಿ

ನಮ್ಮ ಜಿಲ್ಲೆಯಲ್ಲಿ ಪಾಠ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ಆಡುವುದೇ ತೆಲುಗು. ಸುಸ್ತಾದ ಹುಡುಗನ ಕಿವಿಗೆ ಮನೆಮಾತು ಮೊದಲು ಬೀಳುತ್ತದೆ. ನಾನು ಮುಳಬಾಗಿಲಿನಲ್ಲಿ ‘ಕುಡಿ ಪಕ್ಕ, ಕುಡಿ ಪಕ್ಕ’ ಅಂತ ಕೂಗಿ ಡಿಫೆನ್ಸ್ ತಿರುಗಿಸುತ್ತಿದ್ದೆ. ತೆಲುಗಿನಲ್ಲಿ ಬಲಗಡೆ ಅಂತ. ಆ ವರ್ಷ ತಂಡಕ್ಕೆ ಹಾಸನದಿಂದ ಬಂದ ಹುಡುಗನೊಬ್ಬ ಸೇರಿದ್ದ. ನಾನು ಕೂಗಿದ ತಕ್ಷಣ ಅವನು ಆಟ ಬಿಟ್ಟು ಗೆರೆಯ ಹತ್ತಿರ ಬಂದು ನೀರಿನ ಬಾಟಲಿ ಎತ್ತಿಕೊಂಡ. ಎದುರಾಳಿ ಸಲೀಸಾಗಿ ಲೇ-ಅಪ್ ಹೊಡೆದ. ಮಾರನೇ ದಿನದಿಂದ ಎಡ, ಬಲ ಎರಡಕ್ಕೂ ನಂಬರ್ ಕೊಟ್ಟೆವು.

ಇದು ತಮಾಷೆಯ ಮಾತಷ್ಟೇ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಚೀನಾವನ್ನು ಫೈನಲ್‌ನಲ್ಲಿ ಸೋಲಿಸಿ ಜಪಾನ್ ಗೆದ್ದಿತು. ನಮ್ಮ ಹುಡುಗಿಯರನ್ನು ಒಂದು ದಿನ ಕರೆದುಕೊಂಡು ಹೋಗಿದ್ದೆ. ಜಪಾನಿನ ಆಗಿನ ಕೋಚ್ ಟಾಮ್ ಹೊವಾಸೆ ಅಮೆರಿಕದವರು, ಆದರೆ ಟೈಮ್‌ಔಟ್‌ನಲ್ಲಿ ಆಟಗಾರ್ತಿಯರ ಜೊತೆ ಮಾತು ಜಪಾನಿ ಭಾಷೆಯಲ್ಲೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಅದೇ ತಂಡದ ಸಹಾಯಕ ಕೋಚ್. ಮರುವರ್ಷ ಮುಖ್ಯ ಕೋಚ್ ಆದರು. ಎತ್ತರ ಕಡಿಮೆಯಿರುವ ಆ ತಂಡ ಓಟ ಮತ್ತು ಮೂರಂಕದ ಹೊಡೆತ ನಂಬಿಕೊಂಡು ಟೋಕಿಯೊದಲ್ಲಿ ಬೆಳ್ಳಿ ಗೆದ್ದಿತು. ಎತ್ತರ ಕಡಿಮೆ ಅನ್ನುವುದು ನಮ್ಮ ಕಡೆಯ ಕೋಚ್‌ಗಳ ಖಾಯಂ ನೆಪ. ಕಂಠೀರವದ ಆ ಸಂಜೆಯ ಮೇಲೆ ನನಗೆ ಅದನ್ನು ಹೇಳಲು ನಾಚಿಕೆಯಾಯಿತು.

6. ಕಡತವೇ ನಿಮ್ಮ ನೇಮಕಾತಿ ಪತ್ರ

ಹುದ್ದೆ ಇಲ್ಲದವನಿಗೆ ಸಾಕ್ಷಿ ಬೇಕು. ಪ್ರತಿ ಟೂರ್ನಿಗೂ ತಂಡದ ಪಟ್ಟಿ, ಪ್ರಾಂಶುಪಾಲರ ಸಹಿ ಇರುವ ನಿಯೋಜನಾ ಪತ್ರ, ಸ್ಕೋರ್‌ಶೀಟಿನ ಜೆರಾಕ್ಸ್ ಇಟ್ಟುಕೊಳ್ಳಿ. ನಿಯೋಜನಾ ಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ‘ಸಹಾಯಕ ತರಬೇತುದಾರ’ ಅಂತ ಟೈಪಾಗುವಂತೆ ನೋಡಿಕೊಳ್ಳಿ. ಕ್ಲರ್ಕ್‌ಗೆ ಒಂದು ಟೀ ಕುಡಿಸಿದರೆ ಆಗುವ ಕೆಲಸ. ನಾನು ಮೊದಲ ನಾಲ್ಕು ವರ್ಷ ಇದನ್ನು ಮಾಡಲಿಲ್ಲ. ಕೊನೆಗೆ ಸಂದರ್ಶನಕ್ಕೆ ಕೂತಾಗ ಹನ್ನೊಂದು ವರ್ಷದ ಅನುಭವದಲ್ಲಿ ಏಳು ವರ್ಷಕ್ಕೆ ಮಾತ್ರ ಕಾಗದವಿತ್ತು. ಉಳಿದ ನಾಲ್ಕು ವರ್ಷ ನಾನು ಎಲ್ಲಿದ್ದೆ ಅಂತ ಕೇಳಿದರು. ಅಂಕಣದಲ್ಲಿದ್ದೆ ಅಂದೆ, ನಕ್ಕರು.

ಹುಡುಗರ ಕಾಗದವೂ ನಿಮ್ಮದೇ ಜವಾಬ್ದಾರಿ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವನಿಗೆ ಅರ್ಹತಾ ಫಾರಂ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ದೃಢೀಕರಿಸಿದ ಫೋಟೋ ಬೇಕು. ಅಂತರ್ ವಿಶ್ವವಿದ್ಯಾಲಯ ಕೂಟಕ್ಕೆ ವಯಸ್ಸಿನ ಮಿತಿ 25. ಒಬ್ಬ ಒಳ್ಳೆಯ ಹುಡುಗ, ಊರಿನಲ್ಲಿ ಮೊದಲ ಬಾರಿಗೆ ದಕ್ಷಿಣ ವಲಯಕ್ಕೆ ಹೊರಟವನು, ಫೋಟೋ ಮೇಲೆ ಸೀಲಿಲ್ಲದ ಕಾರಣ ಬಸ್ ಹತ್ತದೆ ವಾಪಸಾದ. ಸೀಲು ಹಾಕಿಸಬೇಕಾಗಿದ್ದವನು ನಾನು. ಅವನು ಈಗ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಎದುರಿಗೆ ಸಿಕ್ಕರೆ ನಗುತ್ತಾನೆ, ನನಗೆ ನಗು ಬರುವುದಿಲ್ಲ.

2017ರಿಂದ ನಮ್ಮ ಜಿಲ್ಲೆಯ ಕಾಲೇಜುಗಳು ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮೊದಲು ಇಡೀ ಬೆಂಗಳೂರು ವಿಶ್ವವಿದ್ಯಾಲಯದ ಆಯ್ಕೆಯಲ್ಲಿ, ಚಿಕ್ಕಂದಿನಿಂದ ಮರದ ನೆಲದ ಮೇಲೆ ಆಡಿದ ನಗರದ ಹುಡುಗರ ಜೊತೆ ನಮ್ಮವರು ನಿಲ್ಲಬೇಕಿತ್ತು. ಈಗ ದಾರಿ ಸ್ವಲ್ಪ ಹತ್ತಿರವಾಗಿದೆ. ಹತ್ತಿರದ ದಾರಿಯಲ್ಲೂ ಫಾರಂ ಕೊಡಲು ಕೊನೆಯ ದಿನ ಅಂತ ಒಂದಿರುತ್ತದೆ.

7. ಹುಡುಗಿಯರ ತಂಡ ಇದ್ದರೆ ಮೊದಲು ಬಸ್ಸಿನ ಟೈಮ್ ಟೇಬಲ್ ಓದಿ

ಊರಿಗೆ ಕೊನೆಯ ಬಸ್ ಎಷ್ಟಕ್ಕೆ ಅನ್ನುವುದೇ ನಿಮ್ಮ ಪ್ರಾಕ್ಟೀಸಿನ ಅವಧಿ. ವರ್ಷಕ್ಕೊಮ್ಮೆ ಪ್ರತಿ ಹುಡುಗಿಯ ಮನೆಗೂ ಹೋಗಿ, ಒಬ್ಬ ಮೇಡಂ ಅವರನ್ನು ಜೊತೆಗೆ ಕರೆದುಕೊಂಡು. ಅಪ್ಪನಿಗಿಂತ ಅಜ್ಜಿಯನ್ನು ಒಪ್ಪಿಸಿ, ಅಲ್ಲಿಗೆ ಕೆಲಸ ಮುಗಿಯಿತು. ಮತ್ತೆ, ಅವರಿಗೆ ಆರನೇ ಸೈಜಿನ ಚೆಂಡು ಬೇಕು. ಬಹಳ ಕಾಲೇಜುಗಳು ಏಳನೇ ಸೈಜನ್ನೇ ಎಲ್ಲರಿಗೂ ಕೊಡುತ್ತವೆ. ಇಂಡೆಂಟಿನಲ್ಲಿ ಸೈಜು ಬರೆಯುವವರು ಯಾರು? ನೀವೇ.

8. ಯಾವ ಸರ್ಟಿಫಿಕೇಟ್ ಯಾವ ಬಾಗಿಲಿನದು ಅಂತ ಮೊದಲೇ ತಿಳಿಯಿರಿ

ನಾನು ಅತಿ ಹೆಚ್ಚು ಕಾಲ ಕಳೆದುಕೊಂಡದ್ದು ಇಲ್ಲಿ. ಈ ಆಟವನ್ನು 1891ರಲ್ಲಿ ಕಟ್ಟಿದ ಜೇಮ್ಸ್ ನೈಸ್ಮಿತ್ ಅವರೇ ಒಬ್ಬ ದೈಹಿಕ ಶಿಕ್ಷಣದ ಮೇಷ್ಟ್ರು, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿದ್ದವರು. ನಮ್ಮ ದೇಶಕ್ಕೂ ಇದು ವೈಎಂಸಿಎ ಮೂಲಕವೇ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಹಾಗಾಗಿ ನಮ್ಮ ಕಾಲೇಜುಗಳಲ್ಲಿ ಪಿ.ಇ. ಸಾರ್ ಬೇರೆ, ಕೋಚ್ ಬೇರೆ ಅನ್ನುವ ಕಲ್ಪನೆಯೇ ಬೇರೂರಲಿಲ್ಲ. ಕಬಡ್ಡಿ, ಖೋ-ಖೋ, ಬ್ಯಾಸ್ಕೆಟ್‌ಬಾಲ್ ಎಲ್ಲಕ್ಕೂ ಒಬ್ಬರೇ. ಆದರೆ ನೇಮಕಾತಿಯಲ್ಲಿ ಮಾತ್ರ ಎರಡು ದಾರಿಗಳಿವೆ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಕಾಲೇಜಿನ ಖಾಯಂ ಹುದ್ದೆ ಬೇಕಾದರೆ ಬಿ.ಪಿ.ಇಡಿ., ಅದರ ಮೇಲೆ ಎಂ.ಪಿ.ಇಡಿ.ಯಲ್ಲಿ ಶೇ 55 ಅಂಕ, ಆಮೇಲೆ ನೆಟ್ ಅಥವಾ ಕೆ-ಸೆಟ್, ಜೊತೆಗೆ ನೀವು ಆಡಿದ ದಾಖಲೆ. ಇವೆಲ್ಲ ಆದಮೇಲೂ ಓಡಬೇಕು. ಯುಜಿಸಿಯ ನಿಯಮದಂತೆ ಗಂಡಸರಿಗೆ 12 ನಿಮಿಷದ ಪರೀಕ್ಷೆ: ಮೂವತ್ತರವರೆಗೆ 1800 ಮೀಟರ್, ನಲವತ್ತರವರೆಗೆ 1500. ಕೋಚ್ ಆಗಿ ಕ್ರೀಡಾ ಇಲಾಖೆ, ಕ್ರೀಡಾ ಪ್ರಾಧಿಕಾರದ ಕಡೆ ಹೋಗಬೇಕಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ. 1961ರಲ್ಲಿ ಶುರುವಾದ ಆ ಸಂಸ್ಥೆಯ ಹೆಸರು ಹೇಳಿದರೆ ಈಗಲೂ ಬಾಗಿಲು ತೆರೆಯುತ್ತದೆ. ಅಲ್ಲಿಯದೇ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಕಲಿಯಲು ಒಳ್ಳೆಯದು, ಕೆಲಸಕ್ಕೆ ಸಾಲದು. ನಾನು ಅದನ್ನು ಮಾಡಿಕೊಂಡು ಬಂದು ಮೂರು ವರ್ಷ ಯಾರಾದರೂ ಕರೆಯುತ್ತಾರೆ ಅಂತ ಕಾದೆ. ಎಂ.ಪಿ.ಇಡಿ. ಮುಗಿಸುವಾಗ ಮೂವತ್ತು ದಾಟಿತ್ತು. ಓಡಬೇಕಾದ ದೂರ 300 ಮೀಟರ್ ಕಡಿಮೆಯಾಗಿತ್ತು, ಆದ ಲಾಭ ಅಷ್ಟೇ.

ರೆಫ್ರಿ ಪರೀಕ್ಷೆಯನ್ನೂ ಬರೆಯಿರಿ. ಭಾನುವಾರದ ಪಂದ್ಯಗಳಿಂದ ಬಸ್ ಚಾರ್ಜು ಹುಟ್ಟುತ್ತದೆ, ಬೇರೆ ಕಾಲೇಜಿನವರ ಪರಿಚಯವಾಗುತ್ತದೆ. ಮೊಬೈಲಿನಲ್ಲಿ ಪಂದ್ಯ ಹಿಡಿಯುವುದನ್ನು ಕಲಿಯಿರಿ. ಅಮೆರಿಕದ ಮಯಾಮಿ ಹೀಟ್ ತಂಡದ ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ಆ ತಂಡದ ವಿಡಿಯೊ ಕೋಣೆಗೆ ಕೆಲಸಕ್ಕೆ ಸೇರಿ, 2008ರಲ್ಲಿ ಮುಖ್ಯ ಕೋಚ್ ಆದವರು. ನಮ್ಮ ವಿಡಿಯೊ ಕೋಣೆ ಅಂದರೆ ಮೊದಲ ಮಹಡಿಯ ಕಿಟಕಿಯ ಸರಳಿಗೆ ಟವೆಲ್ಲಿನಿಂದ ಕಟ್ಟಿದ ಫೋನು. ಅದರಲ್ಲೂ ಬೇಕಾದದ್ದು ಕಾಣುತ್ತದೆ.

9. ದುಡ್ಡಿನ ಮಾತು ಜೂನ್‌ನಲ್ಲೇ ಆಡಿ

ಮಾರ್ಚ್‌ನಲ್ಲಿ ಕೇಳಿದರೆ ಆಡಿಟ್ ಅನ್ನುತ್ತಾರೆ. ಒಂದು ಕಾಲೇಜಿನಿಂದ ಒಂದು ಪೂರ್ತಿ ವರ್ಷದ ಗೌರವಧನ ನನಗೆ ಇನ್ನೂ ಬರಬೇಕು. ಬರುವುದಿಲ್ಲ. ಮನೆಯಲ್ಲಿ ಹಸು ಇತ್ತು, ಹೆಂಡತಿಗೆ ಅಂಗನವಾಡಿ ಕೆಲಸವಿತ್ತು, ನಡೆಯಿತು. ಇವೆರಡೂ ಇಲ್ಲದವರು ಬೆಳಿಗ್ಗೆ ಸಂಜೆ ಕೋಚಿಂಗ್, ಹಗಲು ಶಾಲೆಯ ಕೆಲಸ ಅಂತ ಹೊಂದಿಸಿಕೊಳ್ಳಿ. ಪುಕ್ಕಟೆ ಸೇವೆ ಮಾಡಿದರೆ ಮುಂದೆ ಖಾಯಂ ಆಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಹಾಗೆ ಆದವರನ್ನು ನಾನು ನೋಡಿಲ್ಲ.

10. ‘ಅಣ್ಣಾ’ ಇಂದ ‘ಸಾರ್’ಗೆ

ಮೊದಲ ವರ್ಷ ಹುಡುಗರು ನನ್ನನ್ನು ‘ಅಣ್ಣಾ’ ಅನ್ನುತ್ತಿದ್ದರು. ಮನೆಯ ಜಗಳ, ಫೀಸು ಕಟ್ಟಿಲ್ಲದ್ದು, ಮಂಡಿ ನೋವು ಮುಚ್ಚಿಟ್ಟದ್ದು, ಎಲ್ಲ ನನಗೆ ಬರುತ್ತಿತ್ತು. ಹಿರಿಯರಿಗೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಅನ್ನುವ ಲೆಕ್ಕವೇ ನನ್ನ ನಿಜವಾದ ಕೆಲಸವಾಗಿತ್ತು. ನೋವಿನ ವಿಷಯ ಮಾತ್ರ ಯಾವತ್ತೂ ಮುಚ್ಚಿಡಬೇಡಿ. ಉಳಿದದ್ದು ನಿಮ್ಮ ವಿವೇಚನೆ. ನಿರ್ದೇಶಕನಾದ ದಿನದಿಂದ ನಾನು ‘ಸಾರ್’. ಈಗ ಯಾರೂ ಏನೂ ಹೇಳುವುದಿಲ್ಲ. ಸಂಬಳ ತಿಂಗಳ ಮೊದಲ ವಾರವೇ ಬರುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ, ಮಕ್ಕಳ ಸ್ಕೂಲ್ ಫೀಸು ಕಟ್ಟುವ ದಿನ ಒಂದು ಉತ್ತರ, ಬೇರೆ ದಿನ ಬೇರೆ ಉತ್ತರ.

ನನ್ನ ಪಕ್ಕದ ಎರಡನೇ ಕುರ್ಚಿ ಈ ವರ್ಷ ಖಾಲಿ ಇದೆ. ಬಿ.ಕಾಂ. ಹುಡುಗನಿಗೆ ಪರೀಕ್ಷೆ ಮುಗಿದ ಮೇಲೆ ಬಾ ಅಂದಿದ್ದೇನೆ. ಅಲ್ಲಿಯವರೆಗೆ ಒಂದು ಕೋರಿಕೆ. ನೀವು ನಮ್ಮ ಜಿಲ್ಲೆಯ ಯಾವುದಾದರೂ ಕಾಲೇಜಿನಲ್ಲಿ ಆಡಿ, ಈಗ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಶನಿವಾರ ಊರಿಗೆ ಬರುವವರಾದರೆ, ಭಾನುವಾರ ಬೆಳಿಗ್ಗೆ ಶೂ ಹಾಕಿಕೊಂಡು ನಿಮ್ಮ ಹಳೆಯ ಅಂಕಣಕ್ಕೆ ಬನ್ನಿ. ಹೊಟ್ಟೆ ಬಂದಿದ್ದರೂ ಪರವಾಗಿಲ್ಲ, ಕೈ ಎತ್ತಿ ಅಡ್ಡ ನಿಂತರೆ ಸಾಕು. ನಮಗೆ ಸಾಮಾನ್ಯವಾಗಿ ಒಂಬತ್ತು ಜನ ಆಗುತ್ತಾರೆ.